ತೊಟ್ಟಿಲ ಪಕ್ಕದ ಭಯ: ತಾಯ್ತನದ ಹಾರರ್ ಸಿನಿಮಾಗಳನ್ನು ನೋಡುವುದು ಹೇಗೆ?

"ಮಗುವಿಗೆ ಈಗ ಮೂರು ತಿಂಗಳು. ಹಾರರ್ ಸಿನಿಮಾ ನೋಡಬಹುದಾ?" "ಈ ಸಿನಿಮಾಗಳಲ್ಲಿ ಯಾವಾಗಲೂ ತಾಯಿಗೇ ಯಾಕೆ ತಲೆ ಕೆಡುತ್ತದೆ?" "ಬಾಬಾಡೂಕ್ ಸಿನಿಮಾ ನೋಡಿದೆ. ದೆವ್ವ ನಿಜಾನಾ, ಅವಳ ಭ್ರಮೆಯಾ? ಗೊತ್ತಾಗಲಿಲ್ಲ." ಈ ಮೂರು ಪ್ರಶ್ನೆಗಳನ್ನು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಕೇಳುವವರಲ್ಲಿ ಹೆಚ್ಚಿನವರು ಹೊಸದಾಗಿ ತಾಯಿಯಾದವರು. ಇಲ್ಲವೇ ಮನೆಯಲ್ಲಿ ಬಸುರಿ ಹೆಂಡತಿಯೋ ಬಾಣಂತಿ ತಂಗಿಯೋ ಇರುವವರು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಈ ಸಿನಿಮಾಗಳು ನನಗೆ ತುಂಬಾ ಮುಖ್ಯ. ಜಾಹೀರಾತಿನಲ್ಲಿ ತಾಯಿ ಅಂದರೆ ನಗುಮುಖ, ಪೌಡರ್ ಹಚ್ಚಿದ ಗುಂಡು ಮಗು. ರಾತ್ರಿ ಮೂರು ಗಂಟೆಗೆ ಐದನೇ ಸಲ ಎದ್ದು ಕೂತವಳ ಮುಖ ಅಲ್ಲಿ ಕಾಣುವುದಿಲ್ಲ. ಆ ಮುಖವನ್ನು ನಾನು ಹತ್ತಿರದಿಂದ ನೋಡಿದ್ದು ಹಾರರ್ ಸಿನಿಮಾದಲ್ಲೇ. ಆದರೆ ಅದೇ ಸಿನಿಮಾವನ್ನು ತಪ್ಪು ಹೊತ್ತಿನಲ್ಲಿ ನೋಡಿದರೆ ನೋವಾಗುತ್ತದೆ. ಅವಸರದಲ್ಲಿ ನೋಡಿದರೆ ಎಲ್ಲಾ ತಪ್ಪನ್ನೂ ತಾಯಿಯ ತಲೆಗೇ ಕಟ್ಟಿ ಎದ್ದು ಬರುತ್ತೇವೆ.

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕೆಲವು ಸಿನಿಮಾಗಳ ಕೊನೆಯನ್ನೂ ಹೇಳಿದ್ದೇನೆ. ಬಸುರಿ, ಬಾಣಂತಿಯರಿಗೆ ಕೊನೆ ಗೊತ್ತಿದ್ದು ನೋಡುವುದೇ ಒಳ್ಳೆಯದು ಎಂದು ನನ್ನ ಅನಿಸಿಕೆ.

ಏನೇನು ಬೇಕು?

ಒಂದು ಹಾಳೆ, ಒಂದು ಪೆನ್ನು. ಸಿನಿಮಾ ನಿಲ್ಲಿಸಲು ಕೈಗೆಟಕುವ ರಿಮೋಟ್. ಪಕ್ಕದಲ್ಲಿ ಕೂರಲು ಒಬ್ಬರು, ನಿದ್ದೆ ಬಂದರೂ ಪರವಾಗಿಲ್ಲ, ಇದ್ದರೆ ಸಾಕು. ಹಗಲು ಹೊತ್ತು ಸಿಕ್ಕಿದರೆ ಇನ್ನೂ ಒಳ್ಳೆಯದು. ಇಲ್ಲಿ ನೋಡಲು ಹೇಳುವ ಸಿನಿಮಾಗಳು ಇಂಗ್ಲಿಷ್, ಜಪಾನಿ, ಪರ್ಷಿಯನ್, ಸ್ಪ್ಯಾನಿಷ್, ಹಿಂದಿ, ತಮಿಳು ಭಾಷೆಯವು. ಹಾಗಾಗಿ ಸಬ್‌ಟೈಟಲ್ ಹಾಕಿಕೊಳ್ಳಿ. ಮಗು ಮಲಗಿರುವ ಮನೆಯಲ್ಲಿ ಸಬ್‌ಟೈಟಲ್ ಇದ್ದರೆ ದನಿಯನ್ನೂ ತಗ್ಗಿಸಬಹುದು.

ಮೂರು ಪದ ಗೊತ್ತಿರಲಿ. ಜಂಪ್ ಸ್ಕೇರ್ ಅಂದರೆ ಸದ್ದಿಲ್ಲದ ಹೊತ್ತಿನಲ್ಲಿ ದಿಢೀರನೆ ಏನೋ ಎದುರಿಗೆ ಬಂದು ಬೆಚ್ಚಿಬೀಳಿಸುವುದು. ಬಾಡಿ ಹಾರರ್ ಅಂದರೆ ನಮ್ಮ ಮೈಯೇ ನಮ್ಮ ಮಾತು ಕೇಳದೆ ಬದಲಾಗುವ ಭಯ. ಬಸುರಿಯ ಕಥೆಗಳಲ್ಲಿ ಇದು ಜಾಸ್ತಿ. ಗ್ಯಾಸ್‌ಲೈಟಿಂಗ್ ಅಂದರೆ ಒಬ್ಬರು ಕಣ್ಣಾರೆ ಕಂಡದ್ದನ್ನು "ನಿನಗೆ ಸುಮ್ನೆ ಹಾಗನಿಸಿದೆ" ಎಂದು ಹೇಳಿ ಹೇಳಿ, ಅವರಿಗೇ ತಮ್ಮ ಮೇಲೆ ನಂಬಿಕೆ ಹೋಗುವಂತೆ ಮಾಡುವುದು. ಗ್ಯಾಸ್ ದೀಪದ ಬೆಳಕು ಕುಗ್ಗುತ್ತಿದೆ ಎಂದ ಹೆಂಡತಿಗೆ ಗಂಡ ಹೀಗೇ ಮಾಡುವ 1944ರ ಹಾಲಿವುಡ್ ಸಿನಿಮಾದಿಂದ ಈ ಪದ ಮನೆಮಾತಾಯಿತು.

ಹಂತ 1: ಇದು ನೋಡುವ ಹೊತ್ತಾ?

ಹೆರಿಗೆಯಾಗಿ ಮೊದಲ ಎರಡು ವಾರ ಬೇಡ. ಈ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು, ಮನಸ್ಸು ಏರಿಳಿಯುವುದು ತುಂಬಾ ಸಾಮಾನ್ಯ. ಇದನ್ನು ಬೇಬಿ ಬ್ಲೂಸ್ ಎನ್ನುತ್ತಾರೆ. ಹಾರ್ಮೋನು ಒಮ್ಮೆಗೇ ಇಳಿದಿರುತ್ತದೆ, ನಿದ್ದೆ ಇರುವುದಿಲ್ಲ. ಹೆಚ್ಚಿನವರಿಗೆ ತಾನಾಗಿಯೇ ಸರಿಹೋಗುತ್ತದೆ. ಎರಡು ವಾರ ದಾಟಿಯೂ ಹಾಗೇ ಇದ್ದರೆ ಅದು ಬಾಣಂತಿಯ ಖಿನ್ನತೆ ಇರಬಹುದು. ಆಗ ಸಿನಿಮಾ ಪಕ್ಕಕ್ಕಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ. ನಮ್ಮಂಥ ದೇಶಗಳಲ್ಲಿ ಹೆರಿಗೆಯಾದ ನೂರು ಹೆಂಗಸರಲ್ಲಿ ಸುಮಾರು 20 ಮಂದಿಗೆ ಮನಸ್ಸಿನ ತೊಂದರೆ, ಮುಖ್ಯವಾಗಿ ಖಿನ್ನತೆ, ಕಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಐವರಲ್ಲಿ ಒಬ್ಬರು.

ಇನ್ನೊಂದು ಸಂಗತಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿಯುವಾಗ "ಕೈಜಾರಿಬಿಟ್ಟರೆ?" ಅನಿಸುತ್ತದೆ. ತರಕಾರಿ ಹೆಚ್ಚುವ ಚಾಕು ಕಂಡಾಗ ಹೇಳಲಾಗದ ಚಿತ್ರವೊಂದು ತಲೆಯಲ್ಲಿ ಹಾದುಹೋಗುತ್ತದೆ. ಕರೆಯದೆ ಬರುವ ಇಂಥ ಯೋಚನೆಗಳಿಗೆ ಇಂಟ್ರೂಸಿವ್ ಥಾಟ್ಸ್ ಎನ್ನುತ್ತಾರೆ. ಹೊಸ ತಾಯಂದಿರಲ್ಲಿ ಇವು ತುಂಬಾ ಸಾಮಾನ್ಯ. ಯೋಚನೆ ಬಂದ ಕೂಡಲೇ ಮೈ ನಡುಗುತ್ತದಲ್ಲ, ಆ ನಡುಕವೇ ಅದು ನಿಮ್ಮ ಇಚ್ಛೆಯಲ್ಲ ಎನ್ನುವುದಕ್ಕೆ ಗುರುತು. ಹಾರರ್ ಸಿನಿಮಾ ಮಾಡುವುದೇ ಇದನ್ನು. ಆ ಒಂದು ಕ್ಷಣದ ಚಿತ್ರವನ್ನು ತೆರೆಯ ಮೇಲೆ ನಿಜವಾಗಿಸಿ ತೋರಿಸುತ್ತದೆ. ಇಂಥ ಯೋಚನೆಗಳು ದಿನಾ ಕಾಡುತ್ತಿದ್ದರೆ ಸಿನಿಮಾ ಅದಕ್ಕೆ ತುಪ್ಪ ಸುರಿದಂತಾಗುತ್ತದೆ.

ನನ್ನ ಮಗುವಿಗೆ ನಾಲ್ಕು ತಿಂಗಳಿದ್ದಾಗ ಬಾಬಾಡೂಕನ್ನು ರಾತ್ರಿ ಒಬ್ಬಳೇ ಇಯರ್‌ಫೋನ್ ಹಾಕಿಕೊಂಡು ನೋಡಿದೆ. ಸಿನಿಮಾ ಒಳ್ಳೆಯದೇ. ಆದರೆ ಎರಡು ವಾರ ಅಡುಗೆಮನೆಯ ಲೈಟ್ ಆರಿಸಲಾಗಲಿಲ್ಲ. ಅದಕ್ಕೇ ಪಕ್ಕದಲ್ಲಿ ಒಬ್ಬರಿರಲಿ ಎಂದದ್ದು.

*ಎಚ್ಚರಿಕೆ:* 2007ರ ಫ್ರೆಂಚ್ ಸಿನಿಮಾ 'ಇನ್‌ಸೈಡ್' ತುಂಬು ಬಸುರಿಯ ಮೇಲಿನ ದಾಳಿಯ ಕಥೆ. ಬಸುರಿಯರು ಖಂಡಿತ ನೋಡಬೇಡಿ. 'ಎ ಕ್ವೈಟ್ ಪ್ಲೇಸ್' (2018) ಚಿತ್ರದಲ್ಲಿ ನೋವನ್ನು ನುಂಗಿಕೊಂಡು ಒಬ್ಬಳೇ ಹೆರುವ ದೃಶ್ಯ ಇದೆ. ಬಾಬಾಡೂಕಿನಲ್ಲಿ ಸಾಕುನಾಯಿ ಸಾಯುತ್ತದೆ. ಮಗುವನ್ನು ಕಳೆದುಕೊಂಡ ದುಃಖ ಹಸಿಯಾಗಿರುವವರು 'ಹೆರೆಡಿಟರಿ' (2018), 'ಆಂಟಿಕ್ರೈಸ್ಟ್' (2009) ಎರಡನ್ನೂ ದೂರವಿಡಿ. ಎರಡನೆಯದರಲ್ಲಿ ಮಗುವಿನ ಸಾವಿನಿಂದಲೇ ಸಿನಿಮಾ ಶುರು.

ಹಂತ 2: ಭಯ ಯಾವುದರದ್ದು ಎಂದು ಗುರುತಿಸಿ

ಹತ್ತು ಹದಿನೈದು ನಿಮಿಷ ನೋಡಿ, ನಿಲ್ಲಿಸಿ. ಈ ಸಿನಿಮಾ ಯಾವುದಕ್ಕೆ ಹೆದರಿಸುತ್ತಿದೆ ಎಂದು ಹಾಳೆಯ ಮೇಲೆ ಒಂದು ಸಾಲು ಬರೆಯಿರಿ.

ಹೊಟ್ಟೆಯಲ್ಲಿರುವುದರ ಭಯ ಇರಬಹುದು. ರೋಮನ್ ಪೊಲಾನ್ಸ್ಕಿಯ 'ರೋಸ್‌ಮೇರೀಸ್ ಬೇಬಿ' (1968) ಇದಕ್ಕೆ ದೊಡ್ಡ ಉದಾಹರಣೆ. ಮೆಕ್ಸಿಕೋದ ಮಿಷೆಲ್ ಗಾರ್ಸಾ ಸೆರ್ವೇರಾ ಮಾಡಿದ 'ಹುಯೆಸೇರಾ' (2022) ಕೂಡ ಇದೇ ಸಾಲಿಗೆ ಸೇರುತ್ತದೆ. ಅದರ ನಾಯಕಿ ವಲೇರಿಯಾ ಬಡಗಿ ಕೆಲಸ ಬಲ್ಲವಳು. ಹುಟ್ಟಲಿರುವ ಮಗುವಿಗೆ ತಾನೇ ತೊಟ್ಟಿಲು ಮಾಡುತ್ತಾಳೆ. ಅವಳ ಬೆರಳ ನೆಟಿಕೆಯ ಸದ್ದು ಸಿನಿಮಾ ಪೂರ್ತಿ ಕೇಳುತ್ತದೆ, ಎಲುಬು ಮುರಿದ ಹಾಗೆ. ಬ್ರಿಟನ್ನಿನ ಆಲಿಸ್ ಲೋ ತಾನು ಬಸುರಿಯಾಗಿದ್ದಾಗಲೇ 'ಪ್ರಿವೆಂಜ್' (2016) ಸಿನಿಮಾ ಬರೆದು, ನಿರ್ದೇಶಿಸಿ, ಅದರಲ್ಲಿ ನಟಿಸಿದರು.

ಹುಟ್ಟಿದ ಮಗುವಿನ ಭಯ ಇರಬಹುದು. 'ಇಟ್ಸ್ ಅಲೈವ್' (1974), 'ದಿ ಓಮೆನ್' (1976) ಈ ಬಗೆಯವು. ಮಗು ನೋಡಿಕೊಳ್ಳುವ ಅನುಭವ ತಿಳಿಯಲು ಇವು ಅಷ್ಟೇನೂ ನೆರವಾಗುವುದಿಲ್ಲ. ಆದರೆ ಓಮೆನ್‌ನ ಶುರುವನ್ನು ಮಾತ್ರ ನೋಡಿ. ರೋಮ್‌ನ ಆಸ್ಪತ್ರೆಯಲ್ಲಿ ಗಂಡನಿಗೆ ಮಗು ತೀರಿಕೊಂಡಿದೆ ಎನ್ನುತ್ತಾರೆ. ಅವನು ಹೆಂಡತಿಗೆ ಒಂದು ಮಾತೂ ಹೇಳದೆ ಬೇರೆ ಮಗುವನ್ನು ತಂದು ಮಡಿಲಿಗಿಡುತ್ತಾನೆ. ವರ್ಷಗಳ ಮೇಲೆ ಆ ತಾಯಿಗೆ ಈ ಮಗು ತನ್ನದಲ್ಲ ಎನಿಸಲು ಶುರುವಾದಾಗ ಅವಳಿಗೆ ಮನೋವೈದ್ಯರೇ ದಾರಿಯಾಗುತ್ತಾರೆ. ಅವಳ ಅನಿಸಿಕೆ ನಿಜವೇ ಆಗಿತ್ತು!

ಮಗುವನ್ನು ಕಳೆದುಕೊಳ್ಳುವ ಭಯ ಇನ್ನೊಂದು. ಜಪಾನಿನ 'ಡಾರ್ಕ್ ವಾಟರ್' (2002, ನಿರ್ದೇಶನ ಹಿದೆಯೊ ನಕಾಟ) ಇದರಲ್ಲಿ ನನಗೆ ತುಂಬಾ ಇಷ್ಟ. ವಿಚ್ಛೇದನ ನಡೆಯುತ್ತಿದೆ. ಮಗಳು ಯಾರ ಹತ್ತಿರ ಇರಬೇಕು ಎಂಬ ಜಗಳ. ತಾಯಿ ಯೋಶಿಮಿ ಹಳೆಯ ಅಪಾರ್ಟ್‌ಮೆಂಟಿಗೆ ಬರುತ್ತಾಳೆ. ತಾರಸಿಯಿಂದ ನೀರು ತೊಟ್ಟಿಕ್ಕುತ್ತದೆ. ಮ್ಯಾನೇಜರಿಗೆ ಹೇಳುತ್ತಾಳೆ, ಅವನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಕೆಲಸ ಮುಗಿಸಿ ಓಡಿ ಬಂದರೂ ಮಗಳನ್ನು ಶಾಲೆಯಿಂದ ಕರೆತರಲು ತಡವಾಗುತ್ತದೆ. ದೆವ್ವ ಬರುವ ಮುಂಚೆಯೇ ನಮ್ಮ ಎದೆ ಹೊಡೆದುಕೊಳ್ಳಲು ಶುರುವಾಗಿರುತ್ತದೆ, ಅಲ್ವಾ? ಕೆಲಸಕ್ಕೆ ಹೋಗುವ ತಾಯಂದಿರಿಗೆ ಆ ಓಟ ಚೆನ್ನಾಗಿ ಗೊತ್ತು.

ಕೊನೆಯದು, ತಾಯಿಗೆ ತನ್ನ ಮೇಲೆಯೇ ಇರುವ ಭಯ. ಬಾಬಾಡೂಕ್ ಇಲ್ಲಿ ಬರುತ್ತದೆ.

*ಇಲ್ಲಿ ಎಡವುವುದು:* "ದೆವ್ವ ನಿಜವಾ, ಭ್ರಮೆಯಾ?" ಎಂದು ಮೊದಲ ಹತ್ತು ನಿಮಿಷದಲ್ಲೇ ತೀರ್ಮಾನಿಸಲು ಕೂರಬೇಡಿ. ಆ ಪ್ರಶ್ನೆ ಹಿಡಿದು ಹೋದರೆ ಸಿನಿಮಾ ಪೂರ್ತಿ ಪತ್ತೇದಾರಿಯಾಗಿಬಿಡುತ್ತದೆ. ಅದಕ್ಕಿಂತ ಒಳ್ಳೆಯ ಪ್ರಶ್ನೆ ಮುಂದಿನ ಹಂತದಲ್ಲಿದೆ.

ಹಂತ 3: ಕೈಗಳನ್ನು ಎಣಿಸಿ

ಈ ಬರಹದಲ್ಲಿ ಒಂದೇ ಒಂದು ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಹಾಳೆಯಲ್ಲಿ ಮೂರು ಸಾಲು ಮಾಡಿ. ಮೊದಲನೆಯದು, ಮಗುವನ್ನು ಅಥವಾ ತಾಯಿಯನ್ನು ನಿಜವಾಗಿ ನೋಡಿಕೊಂಡ ಕೈಗಳು. ಎರಡನೆಯದು, ಚಾಚಿದ್ದವು ಆದರೆ ತಾಯಿ ಹಿಡಿಯದೆ ಹೋದ ಕೈಗಳು. ಮೂರನೆಯದು, ನೋಡಿಕೊಳ್ಳುವ ನೆಪದಲ್ಲಿ ಅವಳಿಂದ ಏನನ್ನೋ ಕಿತ್ತುಕೊಂಡ ಕೈಗಳು. ಸಿನಿಮಾ ನೋಡುತ್ತಾ ಒಬ್ಬೊಬ್ಬರನ್ನೂ ಸರಿಯಾದ ಸಾಲಿಗೆ ಹಾಕಿ. ದೆವ್ವ ಯಾವ ಹೊತ್ತಿಗೆ ಬರುತ್ತದೆ ಎಂದು ಪಕ್ಕದಲ್ಲಿ ಗುರುತು ಮಾಡಿ.

ಬಾಬಾಡೂಕ್ ತೆಗೆದುಕೊಳ್ಳಿ. ಆಸ್ಟ್ರೇಲಿಯಾದ ಜೆನ್ನಿಫರ್ ಕೆಂಟ್ 2014ರಲ್ಲಿ ಮಾಡಿದ ಸಿನಿಮಾ. ಅಮೇಲಿಯಾಳನ್ನು ಹೆರಿಗೆಗೆ ಕರೆದೊಯ್ಯುವಾಗ ಕಾರು ಅಪಘಾತವಾಗಿ ಗಂಡ ಸಾಯುತ್ತಾನೆ. ಮಗ ಸ್ಯಾಮ್ಯುಯೆಲ್ ಹುಟ್ಟಿದ ದಿನವೇ ಅಪ್ಪ ಸತ್ತ ದಿನ. ಹಾಗಾಗಿ ಅವನ ಹುಟ್ಟುಹಬ್ಬವನ್ನು ಆ ದಿನ ಮಾಡುವುದೇ ಇಲ್ಲ. ಈಗ ಅವನಿಗೆ ಏಳು ತುಂಬಲಿದೆ. ಅವಳು ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ ಮಾಡುತ್ತಾಳೆ. ಅಂದರೆ ಹಗಲೂ ಆರೈಕೆ, ರಾತ್ರಿಯೂ ಆರೈಕೆ.

ಮೊದಲ ಸಾಲು ಹೆಚ್ಚುಕಮ್ಮಿ ಖಾಲಿ. ಶಾಲೆಯವರು ಹುಡುಗನನ್ನು ಬೇರೆ ಕೂರಿಸುತ್ತೇವೆ ಎನ್ನುತ್ತಾರೆ. ಅಕ್ಕತಂಗಿ ಎಂದು ಇರುವವಳು ಒಬ್ಬಳೇ, ಅವಳೂ ನಿನ್ನ ಮಗನ ಜೊತೆ ಇರಲಾಗದು ಎನ್ನುತ್ತಾಳೆ. ಡಾಕ್ಟರ್ ನಿದ್ದೆ ಔಷಧಿ ಬರೆದುಕೊಡುತ್ತಾರೆ. ಪೊಲೀಸ್ ಠಾಣೆಗೆ ಹೋದರೆ ಅವಳ ಕೈಯಲ್ಲಿ ತೋರಿಸಲು ಏನೂ ಇಲ್ಲ. ಸರ್ಕಾರದ ಮಕ್ಕಳ ಇಲಾಖೆಯವರು ಬಂದು ಮನೆ ನೋಡಿ ಹೋಗುತ್ತಾರೆ. ಒಂದೊಂದು ಬಾಗಿಲು ಮುಚ್ಚಿದಾಗಲೂ ಬಾಬಾಡೂಕ್ ಎಂಬ ಕಪ್ಪು ಟೋಪಿಯ ದೆವ್ವ ಒಂದು ಹೆಜ್ಜೆ ಹತ್ತಿರ ಬಂದಿರುತ್ತದೆ. ಎರಡನೆಯ ಸಾಲಿನಲ್ಲಿ ಮಾತ್ರ ಒಂದು ಹೆಸರಿದೆ. ಪಕ್ಕದ ಮನೆಯ ಮುದುಕಿ ಮಿಸೆಸ್ ರೋಚ್. ಪಾರ್ಕಿನ್‌ಸನ್ ಕಾಯಿಲೆಯಿಂದ ಅವರ ಕೈಯೇ ನಡುಗುತ್ತದೆ. ಆ ನಡುಗುವ ಕೈಯನ್ನೇ ಅವರು ಚಾಚುತ್ತಾರೆ. ಈ ಸಿನಿಮಾದ ಬಗ್ಗೆ ಮಾತಾಡುವವರು ರೋಚಮ್ಮನ ಹೆಸರೆತ್ತುವುದು ಕಡಿಮೆ. ನನಗೆ ಅದು ಬೇಸರ.

ಕೊನೆಯಲ್ಲಿ ಬಾಬಾಡೂಕ್ ಸಾಯುವುದಿಲ್ಲ. ನೆಲಮಾಳಿಗೆಯಲ್ಲಿ ಇರುತ್ತಾನೆ, ಅಮೇಲಿಯಾ ದಿನಾ ಎರೆಹುಳು ಕೊಟ್ಟು ಬರುತ್ತಾಳೆ. ತುಂಬಾ ಓದುಗರು ಇದನ್ನೇ ಕೇಳುತ್ತಾರೆ, ಅದಕ್ಕೇನು ಅರ್ಥ ಎಂದು. ನನ್ನ ಓದು ಹೀಗೆ: ದುಃಖ ಮತ್ತು ಸಿಟ್ಟು ಹೋಗಿಲ್ಲ, ಈಗ ಅವಕ್ಕೆ ಒಂದು ಜಾಗ ಇದೆ, ಮನೆಯೆಲ್ಲಾ ಓಡಾಡುತ್ತಿಲ್ಲ. ಮಗನ ಹುಟ್ಟುಹಬ್ಬವನ್ನು ಕಡೆಗೂ ಹುಟ್ಟಿದ ದಿನವೇ ಮಾಡುತ್ತಾರೆ.

ಈಗ 'ಅಂಡರ್ ದಿ ಶ್ಯಾಡೋ' (2016). ಬಾಬಕ್ ಅನ್ವರಿ ನಿರ್ದೇಶನ, ಪರ್ಷಿಯನ್ ಭಾಷೆ. 1988ರ ಟೆಹ್ರಾನ್, ಇರಾನ್-ಇರಾಕ್ ಯುದ್ಧ, ಊರ ಮೇಲೆ ಕ್ಷಿಪಣಿಗಳು ಬೀಳುತ್ತಿವೆ. ಶಿದೆ ಡಾಕ್ಟರಾಗಬೇಕಿದ್ದವಳು. ಹಿಂದೆ ರಾಜಕೀಯದಲ್ಲಿದ್ದಳೆಂದು ಅವಳಿಗೆ ಓದು ಮುಂದುವರಿಸಲು ಬಿಡುವುದಿಲ್ಲ. ಗಂಡನನ್ನು ಯುದ್ಧಭೂಮಿಗೆ ಕರೆಸಿಕೊಳ್ಳುತ್ತಾರೆ. ಕಟ್ಟಡದಲ್ಲಿದ್ದವರು ಒಬ್ಬೊಬ್ಬರಾಗಿ ಊರು ಬಿಡುತ್ತಾರೆ. ಪ್ರತಿ ಮನೆ ಖಾಲಿಯಾದಾಗ ನಿಮ್ಮ ಹಾಳೆಯ ಮೇಲೆ ಒಂದು ಗೀಟು ಎಳೆಯಿರಿ. ಕೊನೆಗೆ ಆ ಮನೆಯಲ್ಲಿ ಉಳಿಯುವುದು ತಾಯಿ, ಮಗಳು, ಜಿನ್ ಎಂಬ ದೆವ್ವ. ಇಲ್ಲಿ ಎರಡನೆಯ ಸಾಲೂ ಮುಖ್ಯ. ಅತ್ತೆ ಮನೆಗೆ ಹೋಗು ಎಂದು ಗಂಡ ಹೇಳಿರುತ್ತಾನೆ, ಅವಳು ಒಪ್ಪುವುದಿಲ್ಲ. ಯಾಕೆ ಒಪ್ಪಲಿಲ್ಲ ಎಂದು ಯೋಚಿಸಿ ನೋಡಿ. ಮದುವೆಯಾದ ಹೆಂಗಸರಿಗೆ ಉತ್ತರ ಹೇಳಿಕೊಡಬೇಕಾಗಿಲ್ಲ.

*ಇಲ್ಲಿ ಎಡವುವುದು:* ಕೈ ಜಾಸ್ತಿ ಇದ್ದರೆ ಎಲ್ಲಾ ಸರಿ ಎಂದುಕೊಳ್ಳುವುದು. ರೋಸ್‌ಮೇರೀಸ್ ಬೇಬಿಯಲ್ಲಿ ಕೈಗಳಿಗೆ ಬರವೇ ಇಲ್ಲ. ಪಕ್ಕದ ಮನೆಯ ಮಿನ್ನಿ ದಿನಾ ಲೋಟದಲ್ಲಿ ಏನೋ ಅರೆದು ತಂದು ಕುಡಿಸುತ್ತಾಳೆ. ದೊಡ್ಡ ಡಾಕ್ಟರನ್ನು ಗೊತ್ತುಮಾಡಿಕೊಡುತ್ತಾರೆ. ಗಂಡ "ಅವರು ಹೇಳಿದಂತೆ ಕೇಳು" ಎನ್ನುತ್ತಾನೆ. ಇವರೆಲ್ಲರೂ ಮೂರನೆಯ ಸಾಲಿಗೆ ಸೇರಿದವರು. ಸೈತಾನನ ಪೂಜೆ ಮಾಡುವ ಈ ಗುಂಪಿಗೆ ಬೇಕಾದದ್ದು ರೋಸ್‌ಮೇರಿಯ ಹೊಟ್ಟೆಯಲ್ಲಿರುವ ಸೈತಾನನ ಮಗು ಮಾತ್ರ. ಮಿನ್ನಿಯ ಪಾತ್ರ ಮಾಡಿದ ರೂತ್ ಗಾರ್ಡನ್ ಅವರಿಗೆ ಆಸ್ಕರ್ ಬಂತು. ಅಷ್ಟು ಅಕ್ಕರೆಯಿಂದ ಮಾತಾಡುವ ಆಕೆಯನ್ನು ನೋಡಿದರೆ ಯಾರಿಗೂ ಸಂಶಯ ಬರುವುದಿಲ್ಲ.

ನಮ್ಮ ಬಾಣಂತನದಲ್ಲಿ ಹಲವು ಕೈಗಳು ಇರುತ್ತವೆ. ಎಣ್ಣೆ ನೀರು ಹಾಕುವವರು, ಖಾರ ಕುಟ್ಟುವವರು, ರಾತ್ರಿ ಮಗುವನ್ನು ತೊಡೆಯ ಮೇಲೆ ಹಾಕಿಕೊಳ್ಳುವವರು. ಎಷ್ಟೋ ಹೆಂಗಸರು ಬದುಕಿ ಉಳಿದದ್ದು ಆ ಕೈಗಳಿಂದ. ಅವೇ ಕೈಗಳು "ಅದು ತಿನ್ನಬೇಡ, ನೀರು ಜಾಸ್ತಿ ಕುಡಿಯಬೇಡ, ಹೊರಗೆ ಬರಬೇಡ" ಎಂದೂ ತಡೆಯುತ್ತವೆ. ರೋಸ್‌ಮೇರಿಯನ್ನು ನೋಡಿ ಬಂದ ಬಾಣಂತಿಯರು ತಮ್ಮ ಕೋಣೆ ನೆನಪಾಯಿತು ಎಂದು ಹೇಳಿದ್ದನ್ನು ಕೇಳಿದ್ದೇನೆ. ಅವರಿಗೆ ತಾಯಿಯ ಮೇಲೆ, ಅತ್ತೆಯ ಮೇಲೆ ದ್ವೇಷವಿಲ್ಲ. ತಮ್ಮನ್ನು ಒಂದು ಮಾತು ಕೇಳಬೇಕಿತ್ತು ಅಷ್ಟೇ.

ಹಂತ 4: ಅವಳ ಮಾತನ್ನು ಯಾರು ನಂಬಿದರು?

ಈಗ ಡಾಕ್ಟರ ದೃಶ್ಯಗಳನ್ನು ಬೇರೆಯಾಗಿ ನೋಡಿ. ರೋಸ್‌ಮೇರಿಗೆ ತಿಂಗಳುಗಟ್ಟಲೆ ಹೊಟ್ಟೆನೋವು. ತೂಕ ಇಳಿಯುತ್ತದೆ, ಮುಖ ಬಿಳುಚಿಕೊಳ್ಳುತ್ತದೆ. ಪುಸ್ತಕ ಓದಬೇಡ, ಗೆಳತಿಯರ ಮಾತು ಕೇಳಬೇಡ ಎಂದು ಆ ದೊಡ್ಡ ಡಾಕ್ಟರ್ ಮೊದಲೇ ಹೇಳಿಬಿಟ್ಟಿದ್ದಾರೆ. ಈ ಎರಡನ್ನು ತಡೆದರೆ ಬಸುರಿಗೆ ಬೇರೆ ದಾರಿ ಏನಿದೆ?

ಆಮೇಲೆ ಮನೆಯಲ್ಲಿ ಒಂದು ಪಾರ್ಟಿ. ಗೆಳತಿಯರು ಅವಳನ್ನು ಅಡುಗೆಮನೆಗೆ ಕರೆದೊಯ್ಯುತ್ತಾರೆ. ಗಂಡನನ್ನು ಹೊರಗಿಟ್ಟು ಬಾಗಿಲು ಹಾಕುತ್ತಾರೆ. ಅವಳು ಅಳುತ್ತಾಳೆ. ಇಷ್ಟು ನೋವು ಸರಿಯಲ್ಲ, ಬೇರೆ ಡಾಕ್ಟರಿಗೆ ತೋರಿಸು ಎಂದು ಅವರು ಹೇಳುತ್ತಾರೆ. ಇಡೀ ಸಿನಿಮಾದಲ್ಲಿ ಅವಳು ಉಸಿರು ಬಿಡುವುದು ಅಲ್ಲೇ. ಎರಡು ಸಲ ನೋಡಿ ಆ ದೃಶ್ಯವನ್ನು. ನಾಲ್ಕು ಗೋಡೆ, ಒಂದಿಷ್ಟು ಹೆಂಗಸರು, ಹಾಕಿದ ಬಾಗಿಲು, ಅಷ್ಟೇ. ದೆವ್ವಕ್ಕೆ ಅಲ್ಲಿ ಪ್ರವೇಶವಿಲ್ಲ.

ಕೊನೆಗೆ ಅವಳು ಮೊದಲಿನ ಡಾಕ್ಟರ್ ಹಿಲ್ ಹತ್ತಿರ ಓಡುತ್ತಾಳೆ, ಎಲ್ಲವನ್ನೂ ಹೇಳುತ್ತಾಳೆ. ಆತ ಶಾಂತವಾಗಿ ಕೇಳಿ, ಮಲಗಲು ಹೇಳಿ, ಹೊರಗೆ ಹೋಗಿ ಅವಳ ಗಂಡನಿಗೂ ಆ ದೊಡ್ಡ ಡಾಕ್ಟರಿಗೂ ತಿಳಿಸುತ್ತಾನೆ. ಸಿನಿಮಾದಲ್ಲಿ ಸೈತಾನನಿಗಿಂತ ನನ್ನನ್ನು ಹೆದರಿಸಿದ್ದು ಈ ಒಳ್ಳೆಯ ಮನುಷ್ಯ. ಅವನು ಕೆಟ್ಟವನಲ್ಲ. ಅವಳಿಗೆ ತಲೆ ಕೆಟ್ಟಿದೆ ಎಂದು ಮನಸಾರೆ ನಂಬಿದ್ದಾನೆ.

ಡಾರ್ಕ್ ವಾಟರ್‌ನಲ್ಲೂ ಯೋಶಿಮಿ ಹಿಂದೊಮ್ಮೆ ಮನಸ್ಸಿನ ಚಿಕಿತ್ಸೆ ಪಡೆದದ್ದನ್ನೇ ಗಂಡನ ಕಡೆಯವರು ಹಿಡಿದು ಮಗಳನ್ನು ತಮಗೆ ಕೊಡಿ ಎಂದು ಕೇಳುತ್ತಾರೆ. ಚಿಕಿತ್ಸೆ ಪಡೆದದ್ದೇ ತಪ್ಪು ಎಂಬಂತೆ. ನಮ್ಮಲ್ಲಿ ಎಷ್ಟೋ ತಾಯಂದಿರು ಮನೋವೈದ್ಯರ ಬಾಗಿಲಿಗೆ ಹೋಗಲು ಹೆದರುವುದು ಇದಕ್ಕೇ.

*ಗಮನಿಸಿ:* ರೋಸ್‌ಮೇರಿಯ ಗಂಡ, ಅವಳು ಎಚ್ಚರವಿಲ್ಲದಿದ್ದಾಗ ತಾನೇ ಕೂಡಿದೆ ಎಂದು ಹೇಳುವ ಮಾತು ಬರುತ್ತದೆ. ಅದನ್ನು ಹಗುರವಾಗಿ ಹೇಳಿಸಿದ್ದಾರೆ, ಆದರೆ ಅದು ಅತ್ಯಾಚಾರ. ಇನ್ನೊಂದು ವಿಷಯ, ಪೊಲಾನ್ಸ್ಕಿ 1977ರಲ್ಲಿ ಅಪ್ರಾಪ್ತ ಬಾಲಕಿಯ ಮೇಲಿನ ಲೈಂಗಿಕ ಅಪರಾಧವನ್ನು ಒಪ್ಪಿಕೊಂಡು, ಮರುವರ್ಷ ಅಮೆರಿಕದಿಂದ ಓಡಿಹೋದ ವ್ಯಕ್ತಿ. ಆ ಕಾರಣಕ್ಕೆ ಈ ಸಿನಿಮಾ ಬೇಡ ಎನ್ನುವವರಿದ್ದಾರೆ. ಅವರ ಮಾತಿಗೆ ನನ್ನ ಗೌರವವಿದೆ. ಅವರು ಹುಯೆಸೇರಾದಿಂದ ಶುರು ಮಾಡಬಹುದು.

ಹಂತ 5: ಅಳು ಮತ್ತು ಜೋಗುಳವನ್ನು ಕೇಳಿ

ಒಮ್ಮೆ ಕಣ್ಣು ಮುಚ್ಚಿಕೊಂಡು ಕೇಳಿ. ಹಾರರ್ ಸಿನಿಮಾದ ಅರ್ಧ ಕೆಲಸ ಸದ್ದಿನಲ್ಲಿದೆ. ಮಗು ನೋಡಿಕೊಳ್ಳುವ ಕೆಲಸವೂ ಹಾಗೇ.

ಎ ಕ್ವೈಟ್ ಪ್ಲೇಸ್‌ನಲ್ಲಿ ಸದ್ದು ಮಾಡಿದರೆ ಸಾವು. ಅಂಥ ಲೋಕದಲ್ಲಿ ಒಂದು ಕೂಸು ಹುಟ್ಟುತ್ತದೆ. ಅಳು ಹೊರಗೆ ಕೇಳದಂತೆ ತಂದೆತಾಯಿ ಒಂದು ಪೆಟ್ಟಿಗೆ ಮಾಡಿ, ಉಸಿರಾಡಲು ಆಮ್ಲಜನಕ ಕೊಟ್ಟು ಅದರೊಳಗೆ ಮಲಗಿಸುತ್ತಾರೆ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಮಗು ಅತ್ತಾಗ ಎಲ್ಲರೂ ತಿರುಗಿ ನೋಡುತ್ತಾರಲ್ಲ, ಆ ಹೊತ್ತಿನ ಬೆವರನ್ನು ಈ ಸಿನಿಮಾ ಕಥೆ ಮಾಡಿದೆ. ಅಳು ನಿಲ್ಲಿಸಲಾಗದ ತಾಯಿಯ ಅವಮಾನ ಇಲ್ಲಿ ಪ್ರಾಣಭಯವಾಗಿದೆ.

ಡೇವಿಡ್ ಲಿಂಚ್‌ರ 'ಇರೇಸರ್‌ಹೆಡ್' (1977) ಅಪ್ಪನ ಕಡೆಯಿಂದ ಹೇಳಿದ ಅಪರೂಪದ ಕಥೆ. ಕಾಯಿಲೆಯ ಕೂಸು ರಾತ್ರಿಯೆಲ್ಲಾ ಅಳುತ್ತದೆ. ನಿದ್ದೆಗೆಟ್ಟ ತಾಯಿ ಮನೆ ಬಿಟ್ಟು ತವರಿಗೆ ಹೋಗುತ್ತಾಳೆ. ಉಳಿದ ಅಪ್ಪ ಜ್ವರ ನೋಡುತ್ತಾ ಕೂರುತ್ತಾನೆ. ಕೊನೆ ತುಂಬಾ ಕ್ರೂರವಾಗಿದೆ. ಚಿಕ್ಕ ಮಗು ಇರುವವರಿಗೆ ನಾನಂತೂ ಹೇಳುವುದಿಲ್ಲ.

ರೋಸ್‌ಮೇರಿಯ ಶುರುವಿನಲ್ಲಿ ಬರುವುದು ಮಾತಿಲ್ಲದ ಜೋಗುಳ, ಬರೀ ಲಾಲಾ. ಹಾಡಿದ್ದು ನಾಯಕಿ ಮಿಯಾ ಫ್ಯಾರೋ ಅವರೇ. ಕೊನೆಯ ದೃಶ್ಯದಲ್ಲಿ ಕಪ್ಪು ತೊಟ್ಟಿಲಿನ ಹತ್ತಿರ ಅವಳು ನಡೆದು ಬರುತ್ತಾಳೆ. ಮಗುವನ್ನು ನಮಗೆ ತೋರಿಸುವುದಿಲ್ಲ, ಅಳು ಮಾತ್ರ ಕೇಳುತ್ತದೆ. ಪಕ್ಕದವಳು ತೊಟ್ಟಿಲನ್ನು ಜೋರಾಗಿ ತೂಗುತ್ತಿದ್ದಾಳೆ. ಅದು ರೋಸ್‌ಮೇರಿಗೆ ಸಹಿಸಲಾಗುವುದಿಲ್ಲ. ತಾನೇ ತೂಗುತ್ತಾಳೆ. ಅಲ್ಲಿ ಅವಳು ಸೋತಳಾ, ತಾಯಿಯಾದಳಾ? ಹಲವು ಸಲ ನೋಡಿದ್ದೇನೆ, ನನ್ನ ಉತ್ತರ ಪ್ರತಿ ಸಲವೂ ಬದಲಾಗಿದೆ.

ಹಂತ 6: ನಮ್ಮ ಕಡೆಯ ಸಿನಿಮಾಗಳಿಗೆ ಬನ್ನಿ

ಹೆರಿಗೆಯಲ್ಲಿ ಸತ್ತವಳು ದೆವ್ವವಾಗುತ್ತಾಳೆ ಎಂಬ ನಂಬಿಕೆ ಏಷ್ಯಾದ ತುಂಬಾ ಕಡೆ ಇದೆ. ಉತ್ತರ ಭಾರತದಲ್ಲಿ ಚುಡೈಲ್, ಮಲೇಷ್ಯಾದ ಕಡೆ ಪೊಂಟಿಯಾನಕ್. 1957ರಲ್ಲಿ ಸಿಂಗಪುರದಲ್ಲಿ 'ಪೊಂಟಿಯಾನಕ್' ಸಿನಿಮಾ ಮಾಡಿದವರು ಭಾರತದಿಂದ ಹೋದ ಬಿ.ಎನ್. ರಾವ್. ಇಂಥ ಕಥೆ ಕಂಡಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಅವಳು ಸತ್ತದ್ದು ಯಾಕೆ? ಸೂಲಗಿತ್ತಿ ಬರಲಿಲ್ಲವಾ, ರಕ್ತ ನಿಲ್ಲಲಿಲ್ಲವಾ, ಆಸ್ಪತ್ರೆ ದೂರವಿತ್ತಾ? ಕಥೆ ಅದನ್ನು ಬಿಟ್ಟು ಅವಳ ಕೆದರಿದ ಕೂದಲನ್ನು ಮಾತ್ರ ತೋರಿಸಿದರೆ, ಸತ್ತವಳ ಮೇಲೇ ಗೂಬೆ ಕೂರಿಸಿದಂತೆ.

ಹಿಂದಿಯ 'ಛೋರಿ' (2021) ಇದನ್ನು ಚೆನ್ನಾಗಿ ತಿರುಗಿಸಿದೆ. ವಿಶಾಲ್ ಫುರಿಯಾ ತಮ್ಮದೇ ಮರಾಠಿ ಸಿನಿಮಾ 'ಲಪಾಛಪಿ'ಯನ್ನು ಹಿಂದಿಗೆ ತಂದದ್ದು. ಎಂಟು ತಿಂಗಳ ಬಸುರಿ ಸಾಕ್ಷಿ, ಗಂಡನ ಸಾಲದ ಕಾಟಕ್ಕೆ ಹೆದರಿ ಕಬ್ಬಿನ ಗದ್ದೆಯ ನಡುವಿನ ಮನೆಗೆ ಬರುತ್ತಾಳೆ. ಅಲ್ಲಿ ಭನ್ನೋ ದೇವಿ ಬಸುರಿಗೆ ಉಣಿಸಿ ತಿನಿಸಿ ನೋಡಿಕೊಳ್ಳುತ್ತಾಳೆ. ಮೂರು ಸಾಲಿನ ಹಾಳೆ ಇಟ್ಟುಕೊಂಡು ನೋಡಿ. ನೋಡಿಕೊಳ್ಳುವ ಕೈ ಯಾವ ಸಾಲಿಗೆ ಜಾರುತ್ತದೆ, ಹೆದರಿಸುವ ದೆವ್ವ ಯಾವ ಸಾಲಿಗೆ ಬರುತ್ತದೆ ಎಂದು ನಿಮಗೇ ಕಾಣುತ್ತದೆ. ಅದರ ಹಿಂದಿರುವುದು ಹೆಣ್ಣುಕೂಸುಗಳನ್ನು ಕೊಲ್ಲುವ ಕ್ರೌರ್ಯ. ಭ್ರೂಣಲಿಂಗ ಪತ್ತೆಯನ್ನು ತಡೆಯುವ ಕಾನೂನು 1994ರಲ್ಲೇ ಬಂದಿದೆ. ಮೂವತ್ತು ವರ್ಷ ಆದ ಮೇಲೂ ಈ ಕಥೆ ಹಳೆಯದಾಗಿಲ್ಲ.

ತಮಿಳಿನ 'ಮಾಯಾ' (2015, ಅಶ್ವಿನ್ ಸರವಣನ್) ಕೂಡ ನೋಡಿ. ನಯನತಾರಾ ಮಾಡಿದ ಪಾತ್ರ ಗಂಡನಿಂದ ಬೇರೆಯಾಗಿ ಕೈಗೂಸನ್ನು ಸಾಕುವ ಹೆಂಗಸು. ಹೆದರಿಸುವ ಸಿನಿಮಾವೊಂದನ್ನು ಒಬ್ಬಳೇ ಕೂತು ನೋಡಲು ಅವಳು ಒಪ್ಪುವುದು ಹಣಕ್ಕಾಗಿ. ಬಾಡಿಗೆ, ಹಾಲು, ಸಾಲ ಇವೇ ಅವಳನ್ನು ದೆವ್ವದ ಬಾಗಿಲಿಗೆ ತರುತ್ತವೆ. ದುಡ್ಡಿನ ವಿಷಯವನ್ನು ಇಷ್ಟು ನೇರವಾಗಿ ಇಟ್ಟ ತಾಯ್ತನದ ಹಾರರ್ ಸಿನಿಮಾ ಕಡಿಮೆ.

ಇನ್ನು ನಮ್ಮ ಬೆಂಗಳೂರಿನ ಮಾತು. 1990ರ ದಶಕದಲ್ಲಿ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದದ್ದು ಹಲವರಿಗೆ ನೆನಪಿರಬಹುದು. ರಾತ್ರಿ ಬಾಗಿಲು ತಟ್ಟುವ ದೆವ್ವ ಮನೆಯವರ ದನಿಯಲ್ಲೇ ಕರೆಯುತ್ತದೆ, ಎಷ್ಟೋ ಸಲ ತಾಯಿಯ ದನಿಯಲ್ಲೇ, ಎನ್ನುತ್ತಿದ್ದರು. ಬಾಬಾಡೂಕ್ ಸತ್ತ ಗಂಡನ ರೂಪದಲ್ಲಿ ಬಂದು ಮಗನನ್ನು ನನಗೆ ಕೊಡು ಎಂದು ಕೇಳುವಾಗ ನನಗೆ ನೆನಪಾದದ್ದು ಆ ಬಾಗಿಲುಗಳು. ನಂಬಿದವರ ದನಿಯೇ ಬೇಕು, ಇಲ್ಲದಿದ್ದರೆ ತಾಯಿ ಬಾಗಿಲು ತೆಗೆಯುವುದಿಲ್ಲ.

ಹಂತ 7: ನೋಡಿ ಆದ ಮೇಲೆ

ತಕ್ಷಣ ಮಲಗಬೇಡಿ. ಹಾಳೆ ತೆಗೆದು ಮೂರು ಸಾಲನ್ನು ಪಕ್ಕದಲ್ಲಿದ್ದವರಿಗೆ ತೋರಿಸಿ. ಗಂಡನ ಜೊತೆ ನೋಡಿದ್ದರೆ, ನಿಮ್ಮ ಹಾಳೆಯಲ್ಲಿ ಅವರ ಹೆಸರು ಎಲ್ಲಿ ಬರುತ್ತಿತ್ತು ಎಂದು ಅವರೇ ಕೇಳಲಿ, ನೀವೇ ಶುರು ಮಾಡಬೇಡಿ. ಅತ್ತೆಯ ಜೊತೆ ನೋಡುವುದಾದರೆ ಮೊದಲು ಡಾರ್ಕ್ ವಾಟರ್. ಅದರಲ್ಲಿ ರಕ್ತ ಕಡಿಮೆ, ಕಣ್ಣೀರು ಜಾಸ್ತಿ. ಹೊಸದಾಗಿ ಶುರು ಮಾಡುವವರಿಗೆ ಅಂಡರ್ ದಿ ಶ್ಯಾಡೋ ಸರಿ, ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ರೋಸ್‌ಮೇರಿ ಎರಡೂಕಾಲು ಗಂಟೆ. ಮಗು ಇರುವ ಮನೆಯಲ್ಲಿ ಅದನ್ನು ಮೂರು ದಿನಕ್ಕೆ ಹಂಚಿಕೊಂಡು ನೋಡಿದರೂ ತಪ್ಪಿಲ್ಲ.

ಸಿನಿಮಾ ಮುಗಿದು ಎರಡು ದಿನವಾದರೂ ಚಿತ್ರಗಳು ತಲೆಯಿಂದ ಹೋಗದಿದ್ದರೆ, ನಿದ್ದೆ ಬಾರದಿದ್ದರೆ, ಮಗುವನ್ನು ಮುಟ್ಟಲು ಹೆದರಿಕೆಯಾದರೆ ಯಾರಿಗಾದರೂ ಹೇಳಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, ನಂಬರ್ 14416. ದಿನದ 24 ಗಂಟೆಯೂ ಉಚಿತ. ಕನ್ನಡದಲ್ಲೇ ಮಾತಾಡಬಹುದು.

ಒಂದು ವ್ಯತ್ಯಾಸ ಚೆನ್ನಾಗಿ ಗೊತ್ತಿರಲಿ. ಕೆಟ್ಟ ಯೋಚನೆ ಬಂದು ಹೆದರುವುದು ಬೇರೆ. ಯಾರೋ ಕಿವಿಯಲ್ಲಿ ಹೇಳಿದಂತೆ ಕೇಳುವುದು, ಮಗು ಬದಲಾಗಿದೆ ಎಂದು ಗಟ್ಟಿಯಾಗಿ ನಂಬುವುದು, ರಾತ್ರಿಯೆಲ್ಲಾ ಎಚ್ಚರವಿದ್ದರೂ ಸುಸ್ತಾಗದಿರುವುದು ಬೇರೆ. ಎರಡನೆಯದನ್ನು ನಮ್ಮ ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದರು. ಡಾಕ್ಟರು ಪೋಸ್ಟ್‌ಪಾರ್ಟಮ್ ಸೈಕೋಸಿಸ್ ಎನ್ನುತ್ತಾರೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಬರುತ್ತದೆ, ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲಿ. ಸಿನಿಮಾದಿಂದ ಬರುವುದಲ್ಲ ಅದು, ಗಾಳಿ ಸೋಕಿ ಬರುವುದೂ ಅಲ್ಲ. ಔಷಧಿಯಿಂದ ವಾಸಿಯಾಗುತ್ತದೆ. ಆದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ನಾಳೆಗೆ ಮುಂದೂಡಬಾರದು. ಮಗುವಿನ ಹತ್ತಿರ ತಾಯಿಯನ್ನು ಒಬ್ಬಳೇ ಬಿಡಬಾರದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗುವಿನ ವಾರ್ಡ್ ಇದೆ. ಅಲ್ಲಿ ತಾಯಿಯ ಜೊತೆ ಮಗುವನ್ನೂ ಸೇರಿಸಿಕೊಳ್ಳುತ್ತಾರೆ. ಚಿಕಿತ್ಸೆ ನಡೆಯುವಾಗ ಇಬ್ಬರನ್ನೂ ಬೇರೆ ಮಾಡುವುದಿಲ್ಲ. ಮನೆಯವರೊಬ್ಬರು ಜೊತೆಗಿರುತ್ತಾರೆ, ನರ್ಸ್‌ಗಳು ಪಕ್ಕದಲ್ಲಿರುತ್ತಾರೆ, ಮಗುವಿಗೆ ಹಾಲು ಕೊಡುವುದು, ಮಲಗಿಸುವುದು ಎಲ್ಲವೂ ಅಲ್ಲೇ ನಡೆಯುತ್ತದೆ.